ನಕಲಿ ಎನ್ನಿ ಎಂದು ಬಂದವರು

ಪೊಲೀಸ್ ಇಲಾಖೆಯಲ್ಲಿದ್ದೆ ಅಂದ ಕೂಡಲೇ ಜನ ಕಳ್ಳರ ಕಥೆ ಹೇಳಿ ಅನ್ನುತ್ತಾರೆ. ನನ್ನ ಇಡೀ ಸರ್ವಿಸಿನಲ್ಲಿ ನಾನು ಒಬ್ಬ ಕಳ್ಳನನ್ನೂ ಹಿಡಿದವನಲ್ಲ. ಹಿಡಿದದ್ದೆಲ್ಲ ಸ್ಕ್ರೂ ಡ್ರೈವರ್, ಅರ, ಎಣ್ಣೆ ಬಟ್ಟೆ. ತುಮಕೂರಿನಲ್ಲಿ ಆರ್ಮರರ್ ಆಗಿದ್ದೆ. ಅಂದರೆ ಇಲಾಖೆಯ ಬಂದೂಕುಗಳನ್ನು ಬಿಚ್ಚಿ, ಒರೆಸಿ, ಕೆಟ್ಟದ್ದನ್ನು ಸರಿ ಮಾಡಿ ಇಡುವವನು. ಈಗ ಕ್ಯಾತ್ಸಂದ್ರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಹೊಸದಾಗಿ ಆರ್ಮರಿಗೆ ಸೇರಿದವರು ಆಗಾಗ ಬಂದು, "ಹಳೇ ಪಿಸ್ತೂಲು ಅಸಲೀನಾ ನಕಲೀನಾ ಅಂತ ಹೆಂಗ್ ಕಂಡ್‌ಹಿಡಿಯೋದು, ಒಸಿ ಹೇಳ್ಕೊಡಿ ಸಾರ್" ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯಲು ಕೂತೆ. ಪ್ರಮೋಷನ್ ಯಾವಾಗ ಆಯಿತು, ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಅವು ನನ್ನ ಹೆಂಡತಿಗೇ ನೆನಪಿಲ್ಲ.

ಆರ್ಮರರ್‌ಗೂ ಹಳೇ ಪಿಸ್ತೂಲಿಗೂ ಏನು ಸಂಬಂಧ ಅಂತ ಕೇಳಬಹುದು. ಯಾರದೋ ಮನೆಯ ಅಟ್ಟದಲ್ಲಿ, ತಾತನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಗುತ್ತದೆ. ಲೈಸೆನ್ಸ್ ಬೇಕೋ ಬೇಡವೋ ತಿಳಿಯದೆ ಮನೆಯವರು ಹೆದರಿ ಠಾಣೆಗೆ ತಂದು ಇಡುತ್ತಾರೆ. ಠಾಣೆಯವರು ನನ್ನ ಹತ್ತಿರ ಕಳಿಸುತ್ತಿದ್ದರು. ನಿಜವಾಗಿ ಹಳೆಯದು, ಹಾರಿಸಲು ಬಾರದ್ದು ಅಂತಾದರೆ ಮನೆಯವರು ನಗುತ್ತ ಹೋಗುತ್ತಾರೆ. ಈಚೆಗೆ ಯಾರೋ ಗುಟ್ಟಾಗಿ ಮಾಡಿದ್ದು, ಗುಂಡು ಹಾರುವಂಥದ್ದು ಅಂತಾದರೆ ಕೇಸು.

ನಮ್ಮ ಕಡೆ ಸಿಗುವುದು ಹೆಚ್ಚಾಗಿ ಚಕಮಕಿ ಪಿಸ್ತೂಲು. ಮೇಲೆ ಕುದುರೆ ಅಂತ ಒಂದು ಕೊಕ್ಕು, ಅದರ ಬಾಯಲ್ಲಿ ಚಕಮಕಿ ಕಲ್ಲು. ಟ್ರಿಗರ್ ಎಳೆದರೆ ಕುದುರೆ ಮುಂದಕ್ಕೆ ಬಿದ್ದು ಕಲ್ಲು ಉಕ್ಕಿನ ತಗಡಿಗೆ ಉಜ್ಜುತ್ತದೆ. ಕಿಡಿ ಮದ್ದಿನ ಬಟ್ಟಲಿಗೆ ಬಿದ್ದು, ಪಕ್ಕದ ಸಣ್ಣ ತೂತಿನಿಂದ ಬೆಂಕಿ ನಳಿಗೆಯೊಳಕ್ಕೆ ಹೋಗುತ್ತದೆ. ತಂದವರೆಲ್ಲ ಹೇಳುವುದು ಒಂದೇ: ಇದು ಟಿಪ್ಪು ಸುಲ್ತಾನನದು. ಅದು ಬಿಟ್ಟರೆ ಹಾಗಲವಾಡಿ ಪಾಳೆಯಗಾರರದು. ಅವರು ಹೇಳಿದ್ದೆಲ್ಲ ನಿಜವಾಗಿದ್ದರೆ ಸುಲ್ತಾನ ರಾಜ್ಯಭಾರ ಬಿಟ್ಟು ದಿನವಿಡೀ ತುಮಕೂರು ಸೀಮೆಯಲ್ಲಿ ಪಿಸ್ತೂಲು ಹಂಚುತ್ತ ತಿರುಗಬೇಕಾಗಿತ್ತು.

ನನಗೆ ಕೆಲಸ ಕಲಿಸಿದವರು ಹವಾಲ್ದಾರ್ ಕೆಂಪಯ್ಯನವರು. ಗೂಳೂರಿನವರು, ಬಾಯಿ ಜೋರು, ಕೈ ಮೆತ್ತಗೆ. ಸೇರಿದ ಹೊಸದರಲ್ಲಿ ಒಂದು ಪಿಸ್ತೂಲು ಕೈಗೆ ಕೊಟ್ಟು "ಏನ್ಲಾ, ಇದರ ವಯಸ್ಸೆಷ್ಟು?" ಅಂದರು. ನಾನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿ ತುಕ್ಕು ಹಿಡಿದದೆ, ಹಳೇದೇ ಸಾರ್" ಅಂದೆ.

"ತುಕ್ಕು ಹಿಡಿಸಕ್ಕೆ ಏನ್ ಬೇಕ್ಲಾ? ಉಪ್ಪು, ನಿಂಬೆಹಣ್ಣು, ತಿಪ್ಪೆ. ನಾಕು ದಿನ ತಿಪ್ಪೇಲಿ ಹೂತರೆ ನಿನ್ನ ಸೈಕಲ್ಲೂ ಸುಲ್ತಾನನ ಕಾಲದ್ದು ಆಯ್ತದೆ. ಮುಖ ನೋಡ್ಬ್ಯಾಡ ಕಣೋ, ಹೊಟ್ಟೆ ನೋಡು" ಅಂದರು. ಸ್ಕ್ರೂ ಬಿಚ್ಚಿ ಒಳಭಾಗ ತೋರಿಸಿದರು. ಹೊರಗೆ ಅಷ್ಟೆಲ್ಲ ತುಕ್ಕಿದ್ದ ಪಿಸ್ತೂಲಿನ ಒಳಗೆ ಸ್ಪ್ರಿಂಗು ಹೊಸ ಚಮಚದ ಥರ ಹೊಳೆಯುತ್ತಿತ್ತು. ನಳಿಗೆ ನೀರಿನ ಪೈಪು.

ಈಗ ಹುಡುಗರಿಗೆ ನಾನು ಹೇಳುವುದೂ ಅದನ್ನೇ. ಹಿಂದಿನ ಕಾಲದಲ್ಲಿ ಒಂದೊಂದು ಸ್ಕ್ರೂವನ್ನೂ ಕೈಯಲ್ಲಿ ಅರ ಹಿಡಿದು ಮಾಡುತ್ತಿದ್ದರು. ಒಂದು ತೂತಿನದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದು ಪಿಸ್ತೂಲಿಗೆ ಸೇರಿದ ಭಾಗಗಳು ಬೇರೆಯದರ ಜೊತೆ ಬೆರೆಯದಿರಲೆಂದು, ಒಳಬದಿಯಲ್ಲಿ ಎಲ್ಲದಕ್ಕೂ ಒಂದೇ ಥರದ ಸಣ್ಣ ಗೀರು ಹಾಕಿರುತ್ತಿದ್ದರು. ಕಲ್ಲು ಬಡಿದು ಬಡಿದು ಉಕ್ಕಿನ ತಗಡಿನ ಮೇಲೆ ಗಾಯಗಳಾಗಿರುತ್ತವೆ. ನಕಲಿ ಮಾಡುವವನು ಹೂವು ಕೆತ್ತುತ್ತಾನೆ, ಕಿರೀಟ ಕೆತ್ತುತ್ತಾನೆ. ಯಾರೂ ನೋಡದ ಒಳಗಿನ ಗೀರು ಹಾಕಲು ಅವನಿಗೆ ಬೇಜಾರು.

ಆದರೆ ನಮ್ಮ ಕಡೆ ಒಂದು ತೊಂದರೆ ಇದೆ. ಅದು ಬೇರೆ ಊರಿನ ಪರಿಣತರಿಗೆ ಗೊತ್ತಾಗುವುದಿಲ್ಲ. ಅದು ಆಯುಧಪೂಜೆ. ಮನೆಯಲ್ಲಿ ಹಳೇ ಕತ್ತಿ, ಪಿಸ್ತೂಲು ಏನಿದ್ದರೂ ಆವತ್ತು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ, ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ಪಾತ್ರೆ ಬೆಳಗಿದ ಹಾಗೆ ಬೆಳಗಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತಾರೆ. ಭಕ್ತಿಯೇ. ಆದರೆ ವರ್ಷ ವರ್ಷ ತಿಕ್ಕಿದರೆ ಕೆತ್ತಿದ ಅಕ್ಷರ ಎಲ್ಲಿ ಉಳಿಯುತ್ತದೆ? ಪೇಟೆಯ ಮೋಸಗಾರ ನಕಲಿಗೆ ತುಕ್ಕು ಹಿಡಿಸಿ ಅಸಲಿ ಮಾಡುತ್ತಾನೆ. ನಮ್ಮ ಹೆಂಗಸರು ಅಸಲಿಯನ್ನು ತಿಕ್ಕಿ ತಿಕ್ಕಿ ನಕಲಿಯ ಹಾಗೆ ಮಾಡಿಡುತ್ತಾರೆ. ಎರಡನ್ನೂ ನೋಡಿ ಗೊತ್ತಿಲ್ಲದವನು ಮೋಸ ಹೋಗುತ್ತಾನೆ.

ಕೆಂಪಯ್ಯನವರದು ಇನ್ನೂ ಎರಡು ಕಟ್ಟಪ್ಪಣೆ ಇತ್ತು. ಒಂದು, ಕಬ್ಬಿಣ ಏನು ಹೇಳುತ್ತದೋ ಅಷ್ಟನ್ನೇ ಹೇಳು, ತಂದವನಿಗೆ ಏನು ಬೇಕು ಅನ್ನುವುದು ನಿನ್ನ ಕೆಲಸವಲ್ಲ. ಇನ್ನೊಂದು, ಯಾರ ಆಯುಧವೇ ಆಗಲಿ, ನಳಿಗೆ ಕ್ಲೀನ್ ಮಾಡದೆ ವಾಪಸ್ ಕೊಡಬೇಡ. ಒಳಗೆ ಹಳೆಯ ಮದ್ದು ಉಳಿದಿದ್ದರೆ ಯಾವತ್ತೋ ಯಾರದೋ ಕೈ ಹೋಗುತ್ತದೆ. ಎರಡನೆಯದು ಸುಲಭ. ಮೊದಲನೆಯದು ನನಗೆ ಕೊನೆಯವರೆಗೂ ಕಷ್ಟವೇ ಆಯಿತು.

ಒಬ್ಬ ಮೇಲಧಿಕಾರಿ ಇದ್ದರು, ಒಳ್ಳೆಯ ಮನುಷ್ಯ. ಯಾವುದೋ ಊರಿನ ಸಂತೆಯಲ್ಲಿ ಒಂದು ಪಿಸ್ತೂಲು ಕೊಂಡುತಂದು ಮನೆಯ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಟ್ಟಿದ್ದರು. ನನ್ನನ್ನು ಕರೆಸಿ ಕಾಫಿ ಕೊಡಿಸಿ, "ನೋಡಯ್ಯ" ಅಂದರು. ಎರಡು ಅಚ್ಚು ಕೂಡಿಸಿ ಎರಕ ಹೊಯ್ದ ಗೆರೆ ಕುದುರೆಯ ಕತ್ತಿನಲ್ಲೇ ಕಾಣುತ್ತಿತ್ತು, ಅಸಲಿಯಲ್ಲಿ ಅದು ಇರುವುದಿಲ್ಲ. ಹೇಳಿದೆ. ಅವರು, "ಗಾಜಿನ ಪೆಟ್ಟಿಗೆ ಅಸಲೀನೇ ತಾನೇ?" ಅಂದು ನಕ್ಕರು. ಎಲ್ಲರೂ ಹಾಗೆ ನಗುವವರಾಗಿದ್ದರೆ ನನ್ನ ಕೆಲಸ ಸುಖವಾಗಿರುತ್ತಿತ್ತು.

ಗುಬ್ಬಿಯ ಚನ್ನಬಸಪ್ಪನವರು ನಗಲಿಲ್ಲ. ಅವರು ಹರೆಯದಲ್ಲಿ ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಪಾರ್ಟು ಮಾಡಿದವರು. ಕಂಪನಿ ಮುಚ್ಚಿದಾಗ ಅದರ ಮಾಲೀಕರು ಒಂದು ಚಕಮಕಿ ಪಿಸ್ತೂಲನ್ನು ಅವರ ಕೈಗಿತ್ತು, ಇದು ದಂಡನಾಯಕನೊಬ್ಬನ ಸೊಂಟದಲ್ಲಿದ್ದದ್ದು, ನಿನ್ನಂಥ ನಟನ ಹತ್ತಿರವೇ ಇರಲಿ ಅಂದಿದ್ದರಂತೆ. ವಯಸ್ಸಾದ ಮೇಲೆ ಯಾರ ಜೊತೆಗೋ ಜಗಳವಾಗಿ ಚನ್ನಬಸಪ್ಪನವರು ಅದನ್ನು ತೋರಿಸಿ ಹೆದರಿಸಿದ್ದರು. ಎದುರಿನವನು ದೂರು ಕೊಟ್ಟ. ಪಿಸ್ತೂಲು ನನ್ನ ಮೇಜಿಗೆ ಬಂತು.

ಬಿಚ್ಚುವ ಅಗತ್ಯವೂ ಇರಲಿಲ್ಲ. ನಳಿಗೆ ತೂತೇ ಇಲ್ಲದ ಗಟ್ಟಿ ಸರಳು, ಬಾಯಿಯ ಹತ್ತಿರ ಮಾತ್ರ ಬೆರಳು ತೂರುವಷ್ಟು ಕೊರೆದಿದ್ದರು. ನಾಟಕದ ಸಾಮಾನು. ಹಾಗಂತ ಬರೆದುಕೊಟ್ಟರೆ ಅವರ ಮೇಲಿನ ಆಯುಧದ ಕೇಸು ಬಿದ್ದುಹೋಗುತ್ತದೆ. ಒಳ್ಳೆಯ ಸುದ್ದಿ ಹೇಳುವ ಖುಷಿಯಲ್ಲಿ ನಾನು, "ಯಜಮಾನ್ರೇ, ಹೆದರ್ಕೋಬೇಡಿ, ಇದು ಡ್ರಾಮಾ ಪಿಸ್ತೂಲು" ಅಂದೆ.

ಅವರು ಮುಖ ಎತ್ತಿ ನೋಡಿದರು. "ಇಲ್ಲ ಸಾರ್. ಸರಿಯಾಗಿ ನೋಡಿ."

"ನೋಡ್ದೆ. ಇದು ಅಸಲಿ ಅಂತಾದ್ರೆ ನೀವು ಕೋರ್ಟಿಗೆ ಅಲೀಬೇಕಾಯ್ತದೆ."

"ಅಲೀತೀನಿ ಬುಡಿ" ಅಂದರು. "ಅಸಲಿ ಅಂತ ಬರೀರಿ. ಜೈಲಿಗೆ ಬೇಕಾದ್ರೂ ಹೋಯ್ತೀನಿ. ಇಷ್ಟ್ ವರ್ಷ ಊರಿಗೆಲ್ಲ ತೋರಿಸ್ಕಂಡು ಬಂದಿವ್ನಿ."

ನಾನು ಕಬ್ಬಿಣ ಹೇಳಿದ್ದನ್ನೇ ಬರೆದೆ. ಅವರು ಬಿಡುಗಡೆಯಾದರು. ಪಿಸ್ತೂಲು ವಾಪಸ್ ಕೊಡುವಾಗ ಅವರು ತೆಗೆದುಕೊಳ್ಳಲಿಲ್ಲ. "ನಿಮ್ಮತ್ರನೇ ಇರ್ಲಿ" ಅಂದು ಬಾಗಿಲು ದಾಟಿ ಹೋದರು. ಆ ಬೆನ್ನು ನೋಡಿ ನನಗೆ ಅಳು ಬಂದಿತ್ತು. ಒಬ್ಬ ಮನುಷ್ಯನನ್ನು ಜೈಲಿನಿಂದ ಉಳಿಸಿದ ದಿನ ಅಳು ಬರುತ್ತದೆ ಅಂದರೆ ಅದು ಎಂಥ ಕೆಲಸ ನೀವೇ ಹೇಳಿ.

ಈಗ ರೀತಿಗಳು ಬದಲಾಗಿವೆ. ಫೋನಿನಲ್ಲಿ ಫೋಟೋ ಕಳಿಸಿ, ಐದು ನಿಮಿಷದಲ್ಲಿ "ಏನಾಯ್ತು ಸಾರ್?" ಅನ್ನುತ್ತಾರೆ. ಮದುವೆಗೆ ಹೆಣ್ಣಿನ ಫೋಟೋ ನೋಡುವವರೂ ಇಷ್ಟು ಅವಸರ ಮಾಡುವುದಿಲ್ಲ. ಫೋಟೋದಲ್ಲಿ ಮುಖ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ನಾನು ಯಾರಿಗೂ ಫೋಟೋ ನೋಡಿ ಹೇಳಿದವನಲ್ಲ. ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ ಅಂತ ಸುಮ್ಮನಿದ್ದುಬಿಡುತ್ತೇನೆ.

ಇಷ್ಟೆಲ್ಲ ಬರೆದದ್ದು ಮುಂದಿನ ಒಂದು ಸಂಗತಿ ಹೇಳುವುದಕ್ಕೆ. ಅದು ರಿಟೈರಾದ ಮೇಲೆ ನಡೆದದ್ದು. ಅಸಲಿ ಅನ್ನಿಸಿಕೊಳ್ಳಲು ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನಕಲಿ ಅನ್ನಿ ಅಂತ ಬೇಡಿಕೊಂಡು ಬಂದವರು ಒಬ್ಬರೇ, ಪುಟ್ಟರಾಜು.

ಅವರು ತುಮಕೂರಿನ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದು ನಿವೃತ್ತರಾದವರು. ಇಸ್ತ್ರಿ ಮಾಡಿದ ಶರ್ಟು, ಮೆಲ್ಲಗೆ ಮಾತು. ನಮ್ಮ ಮನೆಗೆ ಬಂದು ಬಟ್ಟೆ ಚೀಲದಿಂದ ಒಂದು ಪಿಸ್ತೂಲು ತೆಗೆದು ಟೀಪಾಯಿಯ ಮೇಲಿಟ್ಟರು. ಫಳಫಳ ಹೊಳೆಯುತ್ತಿತ್ತು. ಕಬ್ಬಿಣದ ಮೇಲೆ ಒಂದು ಗೆರೆ ಕೆತ್ತನೆ ಇಲ್ಲ. ಮರದ ಹಿಡಿಗೆ ಬಾಗಿಲಿಗೆ ಬಳಿಯುವ ವಾರ್ನಿಷ್. ಸ್ಕ್ರೂಗಳು ಹಾರ್ಡ್‌ವೇರ್ ಅಂಗಡಿಯವು.

"ನಕಲಿ ಅಲ್ವಾ ಸಾರ್?" ಅಂದರು.

ಎಲ್ಲರೂ ಅಸಲಿ ಅಲ್ವಾ ಅಂತ ಕೇಳುತ್ತಾರೆ. ಇವರು ಉಲ್ಟಾ ಕೇಳಿದ್ದು ನನಗೆ ವಿಚಿತ್ರ ಅನ್ನಿಸಿ, ಯಾರದು, ಎಲ್ಲಿಂದ ಬಂತು, ಹೇಳಿ ಅಂದೆ. ಅವರು ಹೇಳಿದ್ದು ಇಷ್ಟು.

ಕುಣಿಗಲ್ ಹತ್ತಿರದ ಹಳ್ಳಿಯವರು. ಅಣ್ಣ ನಂಜಯ್ಯ ಊರಿನಲ್ಲಿ ತೋಟ, ಹೊಲ ನೋಡಿಕೊಂಡಿದ್ದರು, ತಮ್ಮನನ್ನು ಓದಿಸಿದ್ದರು. ಮನೆಯಲ್ಲಿ ತಲೆಮಾರುಗಳಿಂದ ಒಂದು ಪಿಸ್ತೂಲು. ತಿಕ್ಕದೆ ಬರೀ ಎಣ್ಣೆ ಸವರುತ್ತಿದ್ದರಿಂದ ಕಪ್ಪು ಹಿಡಿದು, ಹಿಡಿಯೆಲ್ಲ ಎಣ್ಣೆಯ ಜಿಡ್ಡು. ಆಯುಧಪೂಜೆಗೆ ಹಿರಿಯನ ಮನೆಯಲ್ಲೇ ಅದನ್ನು ಇಡುವುದು ಪದ್ಧತಿ. ಪುಟ್ಟರಾಜು ತುಮಕೂರಿನಲ್ಲಿ ಮನೆ ಕಟ್ಟಿಸಿದ ವರ್ಷ, "ಈ ಸಲ ಪೂಜೆ ನಮ್ಮ ಮನೇಲಿ ಆಗ್ಲಿ ಅಣ್ಣ, ಪಿಸ್ತೂಲು ತಗೊಂಡ್ ಬಾ" ಅಂದರು. ಹಬ್ಬದ ದಿನ ಅಣ್ಣ ಹೊಸ ಟವೆಲಿನಲ್ಲಿ ಸುತ್ತಿಕೊಂಡು ತಂದರು. ಬಿಚ್ಚಿ ನೋಡಿದರೆ ಈ ಹೊಳೆಯುವ ಪಿಸ್ತೂಲು.

"ಕಾಲೇಜಿನವ್ರೆಲ್ಲ ಕೂತಿದ್ರು ಸಾರ್. ನಾನು ಎಲ್ಲರ ಮುಂದೇನೇ ಇದು ನಮ್ದಲ್ಲ, ನಮ್ದನ್ನ ಏನ್ ಮಾಡ್ದೆ ಅಂತ ಕೇಳ್ಬಿಟ್ಟೆ. ಅದೇ ಕಣೋ, ಪಾಲಿಶ್ ಮಾಡಿಸ್ದೆ ಅಂದ. ನಾನು ನಂಬಲಿಲ್ಲ. ಹಳೇ ಸಾಮಾನು ಮಾರೋ ಒಬ್ರು ಬೆಂಗಳೂರಿನಿಂದ ಬಂದಿದ್ರು, ಅವ್ರೂ ನೋಡಿ ಇದು ಹೊಸದು ಅಂದ್ರು. ಮಾರ್ಕೊಂಡಿದೀಯ ಅಂತ ಅಂದ್ಬಿಟ್ಟೆ."

"ಅಣ್ಣ ಏನಂದ್ರು?"

"ಏನೂ ಅನ್ನಲಿಲ್ಲ. ಟವೆಲಲ್ಲಿ ಸುತ್ಕೊಂಡು ಎದ್ದು ಹೋದ. ಊಟಾನೂ ಮಾಡಲಿಲ್ಲ."

ಆಮೇಲೆ ಅಣ್ಣ ತಮ್ಮ ಮಾತಾಡಲಿಲ್ಲವಂತೆ. ಅವ್ವ ತೀರಿಕೊಂಡಾಗ ಹೆಣದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತಿದ್ದರಂತೆ. ಕುಣಿಗಲ್ಲಿಗೂ ತುಮಕೂರಿಗೂ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಅಷ್ಟು ದೂರವನ್ನು ಇಬ್ಬರೂ ದಾಟಲಿಲ್ಲ. ಈಚೆಗೆ ನಂಜಯ್ಯ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ಅತ್ತಿಗೆ ಜಯಮ್ಮ ಪಿಸ್ತೂಲನ್ನು ತಂದು ಮೈದುನನ ಮುಂದಿಟ್ಟು ಒಂದು ಮಾತು ಹೇಳಿದರು. ಗೊತ್ತಿದ್ದವರ ಹತ್ರ ತೋರಿಸಿ. ನಕಲಿ ಅಂದರೆ ಕೆರೆಗೆ ಎಸೆದುಬಿಡಿ, ನಾನು ಕಳ್ಳನ ಹೆಂಡತಿ ಅಂತಲೇ ಸಾಯುತ್ತೇನೆ. ಅಸಲಿ ಅಂದರೆ ಈ ಸಲದ ಆಯುಧಪೂಜೆಗೆ ಬಂದು ಅವರ ಫೋಟೋದ ಮುಂದೆ ನಿಂತು ಹೇಳಿ.

"ಈಗ ಹೇಳಿ ಸಾರ್" ಅಂದರು ಪುಟ್ಟರಾಜು. "ನಕಲಿ ಅಂತಾದ್ರೆ ಅಣ್ಣ ತಪ್ಪು ಮಾಡಿದ್ದ, ನಾನು ಕೇಳ್ದೆ, ಮುಗೀತು. ಅಸಲಿ ಅಂತಾದ್ರೆ ನಾನೇನಾಗ್ತೀನಿ? ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ? ನಕಲಿ ಅಂತ ಹೇಳ್ಬಿಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಅನ್ನಬೇಕು ಅಂತ ಬಾಯಿವರೆಗೂ ಬಂತು. ಮುಖ ನೋಡಿದರೆ ಪಾಪ ಅನ್ನಿಸಿತು. ಪಿಸ್ತೂಲು ಇಲ್ಲೇ ಬಿಟ್ಟು ಹೋಗಿ, ಮುಂದಿನ ವಾರ ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ, ಇಬ್ಬರ ಮುಂದೆಯೇ ಹೇಳುತ್ತೇನೆ ಅಂದೆ.

ಆ ವಾರ ಆ ಪಿಸ್ತೂಲು ನನ್ನ ಮೇಜಿನ ಮೇಲಿತ್ತು. ಲಾಕು, ಅಂದರೆ ಕುದುರೆ ಆಡಿಸುವ ಯಂತ್ರ, ಬಿಚ್ಚಿದ ಮೊದಲ ದಿನವೇ ನನಗೆ ಗೊತ್ತಾಗಿತ್ತು. ಹೊರಗಿನ ಸ್ಕ್ರೂ ಹೊಸವು, ಒಳಗಿನವು ಕೈಯಲ್ಲಿ ಅರೆದವು. ಒಳಭಾಗಗಳಲ್ಲೆಲ್ಲ ಒಂದೇ ಥರದ ಗೀರು. ಸ್ಪ್ರಿಂಗಿನ ಮಡಿಕೆಯಲ್ಲಿ, ತಿಕ್ಕುವ ಕೈ ತಲುಪದ ಜಾಗದಲ್ಲಿ, ಅರಿಶಿನ ಕುಂಕುಮ ಎಣ್ಣೆಯ ಜೊತೆ ಪದರ ಪದರವಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಎಷ್ಟೋ ಹಬ್ಬಗಳ ಕುಂಕುಮ ಅದು. ಅದನ್ನು ಯಾವ ಅಂಗಡಿಯವನೂ ಮಾಡಲಾರ. ಯಾರೋ ಪಾಲಿಶ್ ಹಿಡಿಯುವವನು ಚಕ್ರಕ್ಕೆ ಕೊಟ್ಟು ಹೊರಗಿನದೆಲ್ಲ ಅಳಿಸಿಹಾಕಿದ್ದ, ಅಷ್ಟೇ. ಹೊಟ್ಟೆ ಹಾಗೇ ಇತ್ತು. ನಳಿಗೆಗೆ ಕಡ್ಡಿ ಇಳಿಸಿದೆ. ತಳ ಮುಟ್ಟಲಿಲ್ಲ, ಏನೋ ತಡೆಯಿತು. ಹಳೆಯ ಮದ್ದಿರಬಹುದು ಅಂತ ಎಣ್ಣೆ ಬಿಟ್ಟು ನೆನೆಯಲು ಇಟ್ಟೆ.

ನಿಜ ಹೇಳುತ್ತೇನೆ, ಆ ವಾರ ನಕಲಿ ಅನ್ನಲೇ ಅಂತ ಯೋಚಿಸಿದೆ. ಸತ್ತವನಿಗೆ ಇನ್ನೇನು ಆಗಬೇಕು? ಬದುಕಿರುವವನು ನಿದ್ದೆ ಮಾಡಲಿ. ಮರುಕ್ಷಣವೇ ಆ ಹೆಣ್ಣುಮಗಳ ನೆನಪಾಗುತ್ತಿತ್ತು. ನಾನು ನೋಡಿಯೂ ಇರದ ಜಯಮ್ಮ ಕಳ್ಳನ ಹೆಂಡತಿ ಅನ್ನಿಸಿಕೊಂಡು ಊರಿನಲ್ಲಿ ಓಡಾಡಬೇಕು. ಕೆಂಪಯ್ಯನವರ ಬೈಗುಳ ಕಿವಿಯಲ್ಲಿ ಕೇಳಿಸಿತು.

ಅವರಿಬ್ಬರೂ ಬಂದರು. ಜಯಮ್ಮ ಸಣ್ಣಗಿನ ಹೆಂಗಸು, ಬೋಳು ಹಣೆ. ಕುರ್ಚಿ ಕೊಟ್ಟರೂ ಬಾಗಿಲ ಪಕ್ಕ ನೆಲದ ಮೇಲೆಯೇ ಕೂತರು. ಮೈದುನನನ್ನು ನೀವು, ತಾವು ಅಂತ ಹೊರಗಿನವರ ಹಾಗೆ ಮಾತಾಡಿಸುತ್ತಿದ್ದರು. ನಾನು ನ್ಯೂಸ್‌ಪೇಪರ್ ಹಾಸಿ ಅವರ ಕಣ್ಣೆದುರಿಗೇ ಲಾಕು ಬಿಚ್ಚಿದೆ. ಗೀರು ತೋರಿಸಿದೆ. ಕುಂಕುಮದ ಪದರ ತೋರಿಸಿದೆ.

"ಅಸಲಿ" ಅಂದೆ.

ಜಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಪುಟ್ಟರಾಜು ಮಾತ್ರ ತಲೆ ಅಲ್ಲಾಡಿಸಿದರು. "ಹಳೇದಿರಬಹುದು ಸಾರ್. ಆದ್ರೆ ನಮ್ದೇ ಅಂತ ಏನ್ ಗ್ಯಾರಂಟಿ? ನಮ್ದನ್ನ ಮಾರಿ ಎಲ್ಲಿಂದಲೋ ಇನ್ನೊಂದು ಹಳೇದು ತಂದಿರಬಹುದಲ್ಲ? ಕುಂಕುಮ ಎಲ್ಲಾ ಮನೇಲೂ ಇಡ್ತಾರೆ."

ಲೆಕ್ಚರರ್ ವಾದ. ಕಬ್ಬಿಣ ತನ್ನ ವಯಸ್ಸು ಹೇಳುತ್ತದೆ, ತಾನು ಯಾರ ಮನೆಯದು ಅಂತ ಹೇಳುವುದಿಲ್ಲ. ಜಯಮ್ಮ ನನ್ನ ಮುಖ ನೋಡುತ್ತಿದ್ದರು. ಕೈಗೆ ಕೆಲಸ ಕೊಡೋಣ ಅಂತ ನಳಿಗೆ ಎತ್ತಿಕೊಂಡೆ. ಕ್ಲೀನ್ ಮಾಡಿಯೇ ಕೊಡಬೇಕಲ್ಲ. ತುದಿಯಲ್ಲಿ ತಿರುಪಿನ ಮೂತಿ ಇರುವ ಕಡ್ಡಿ ಇಳಿಸಿ ತಿರುಗಿಸಿದೆ. ಎಣ್ಣೆ ಕುಡಿದು ಮೆತ್ತಗಾಗಿತ್ತು. ಮೊದಲು ಕರ್ರಗಾದ ಒಂದು ಚಿಂದಿ ಬಟ್ಟೆ ಬಂತು. ನಳಿಗೆ ಬಗ್ಗಿಸಿ ತಟ್ಟಿದೆ. ಪೇಪರ್ ಮೇಲೆ ಟಪಟಪ ಅಂತ ಕಾಳು ಬಿದ್ದವು. ಎಣ್ಣೆ ಒರೆಸಿ ನೋಡಿದರೆ ಗುಲಗಂಜಿ. ಬಣ್ಣ ಮಾಸಿದ್ದರೂ ಒಂದು ಕಡೆಯ ಕಪ್ಪು ಬೊಟ್ಟು ಹಾಗೇ ಇತ್ತು.

ನನಗೆ ಏನೂ ಅರ್ಥವಾಗಲಿಲ್ಲ. ಪುಟ್ಟರಾಜು ಮಾತ್ರ ಕುರ್ಚಿಯಿಂದ ಇಳಿದು ಪೇಪರಿನ ಮುಂದೆ ಮಂಡಿಯೂರಿ ಕೂತರು. ಒಂದು ಕಾಳು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇದು ನಾನ್ ಹಾಕಿದ್ದು" ಅಂದರು. "ಪೂಜೆಗೆ ಅಂತ ಕೆಳಗಿಳಿಸಿದ್ರು. ನಾನು ಚಿಕ್ಕೋನು. ಗುಂಡು ಅಂತ ಗುಲಗಂಜಿ ತುಂಬ್ಸಿ, ಬಟ್ಟೆ ತುರುಕಿ, ಕೋಲಲ್ಲಿ ಗಿಡಿದ್ಬಿಟ್ಟೆ. ಈಚೆಗೆ ಬರಲಿಲ್ಲ. ಅಪ್ಪ ಯಾರ್ಲಾ ಮಾಡಿದ್ದು ಅಂತ ಬಂದ್ರು. ಅಣ್ಣ ನಾನೇ ಅಂದ. ಹುಣಸೆ ಬರಲಲ್ಲಿ ಹೊಡೆದ್ರು ಸಾರ್, ಬೆನ್ನೆಲ್ಲ ಬಾಸುಂಡೆ. ಮರೆತೇಹೋಗಿತ್ತು ನಂಗೆ. ಪೂರ್ತಿ ಮರೆತುಬಿಟ್ಟಿದ್ದೆ."

"ಅವ್ರು ಮರೆತಿರಲಿಲ್ಲ" ಅಂದರು ಜಯಮ್ಮ.

ನಾವಿಬ್ಬರೂ ಅವರ ಕಡೆ ತಿರುಗಿದೆವು.

"ನಿಮ್ಮನೇಲಿ ದೊಡ್ಡೋರೆಲ್ಲ ಬತ್ತಾರೆ, ತಮ್ಮನ್ ಮರ್ವಾದೆ ಹೋಗ್ಬಾರ್ದು ಅಂತ ಕುಣಿಗಲ್ ಪ್ಯಾಟೇಲಿ ಪಾಲಿಶ್ ಮಾಡ್ಸಿದ್ರು. ಅವತ್ತು ನಿಮ್ಮನೆಯಿಂದ ಬಂದೋರು ಹಟ್ಟೀಲಿ ಕುಂತ್ಕಂಡ್ರು. ನಾನೇ ಹೇಳ್ದೆ, ಅದ್ರೊಳಗೆ ನಿಮ್ ತಮ್ಮ ಹಾಕಿದ್ ಗುಲಗಂಜಿ ಅವೆ ಅಂತ ನೀವೇ ಹೇಳ್ತಿದ್ರಲ್ಲ, ತಗ್ದು ತೋರ್ಸ್‌ಬಾರ್ದಾ, ನಂಬ್ತಾರೆ ಅಂತ. ಒಂದೇ ಮಾತು ಅಂದ್ರು. ಸಾಕ್ಷಿ ತೋರ್ಸಿ ಅಣ್ಣ ಅನ್ನಿಸ್ಕಬೇಕೇನೇ ನಾನು? ಅಂದ್ರು. ಆಮ್ಯಾಕೆ ಆ ಸುದ್ದಿ ಎತ್ತಕ್ಕೆ ಬುಡ್ಲಿಲ್ಲ."

ಪುಟ್ಟರಾಜು ಅತ್ತರು. ಅಷ್ಟು ವಯಸ್ಸಾದವರು ಹಾಗೆ ಬಾಯಿಬಿಟ್ಟು ಅಳುವುದನ್ನು ನಾನು ನೋಡಿರಲಿಲ್ಲ. ಅಣ್ಣ, ಅಣ್ಣ ಅಂತ ಕರೆದರು. ಕರೆಯಬೇಕಾಗಿದ್ದಾಗ ಕರೆಯಲಿಲ್ಲ, ಈಗ ನನ್ನ ಮನೆಯ ಹಜಾರದಲ್ಲಿ ಕರೆದರೆ ಯಾರು ಓಗೊಡಬೇಕು? ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತವಳು ಹಾಗೇ ನಿಂತಿದ್ದಳು. ಕೆಂಪಯ್ಯನವರು ಹೇಳಿದ್ದು ಸರಿಯೋ ತಪ್ಪೋ ನನಗೆ ಆ ಹೊತ್ತಿನಲ್ಲಿ ತಿಳಿಯಲಿಲ್ಲ. ನಿಜ ಹೇಳಿ ಒಬ್ಬರ ತಲೆಯ ಭಾರ ಇಳಿಸಿದ್ದೆ, ಅದನ್ನೇ ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ್ದೆ.

ಅಳು ತಗ್ಗಿದ ಮೇಲೆ ನಾನು ಲಾಕು ಕೂಡಿಸಿದೆ. ಸ್ಕ್ರೂ ಬಿಗಿಮಾಡಿದೆ. ನಳಿಗೆಗೆ ಎಣ್ಣೆ ಬಟ್ಟೆ ಹಾಕಿ ಒರೆಸಲು ಹೊರಟಾಗ ಪುಟ್ಟರಾಜು ನನ್ನ ಕೈ ಹಿಡಿದರು.

"ಒರೆಸ್ಬೇಡಿ ಸಾರ್. ಗುಲಗಂಜಿ ಮತ್ತೆ ಒಳಗೇ ಹಾಕ್ಬಿಡಿ. ಅಣ್ಣ ಇಟ್ಕೊಂಡಿದ್ದಂಗೇ ಇರ್ಲಿ."

ಜಯಮ್ಮ ನೆಲದಿಂದ ಎದ್ದು ಬಂದರು. ಪೇಪರಿನ ಮೇಲೆ ಚೆಲ್ಲಿದ್ದ ಕಾಳುಗಳನ್ನು ಒಂದೊಂದಾಗಿ ಆಯ್ದು ಮೈದುನನ ಅಂಗೈಗೆ ಹಾಕಿದರು. "ಅವ್ರ್ಯಾಕಪ್ಪ ಹಾಕ್ಬೇಕು? ನೀನೇ ಹಾಕು. ಅವತ್ತು ಹಾಕ್ದೋನು ನೀನೇ ಅಲ್ವಾ?" ಅಂದರು. ಅಷ್ಟು ಹೊತ್ತಿನಲ್ಲಿ ಅವರು ಮೈದುನನನ್ನು ನೀನು ಅಂದದ್ದು ಅದೇ ಮೊದಲು.

ಪುಟ್ಟರಾಜು ಹಾಕಿದರು. ಎರಡು ಕಾಳು ಕೆಳಗೆ ಬಿದ್ದವು, ಹುಡುಕಿ ಅವನ್ನೂ ಹಾಕಿದರು. ಅದೇ ಕರ್ರಗಿನ ಚಿಂದಿಯನ್ನು ನಾನು ಮೇಲಿನಿಂದ ತುರುಕಿದೆ. ಆಯುಧಪೂಜೆಗೆ ಊರಿಗೆ ಹೋಗುತ್ತೇನೆ ಅಂದರು. ಹೋದರು ಕೂಡ. ಫೋಟೋದ ಮುಂದೆ ಏನು ಹೇಳಿದರೋ ಗೊತ್ತಿಲ್ಲ, ನಾನು ಕೇಳಲಿಲ್ಲ.

ಕೆಂಪಯ್ಯನವರು ಇದ್ದಿದ್ದರೆ ನನಗೆ ಸರಿಯಾಗಿ ಉಗಿಯುತ್ತಿದ್ದರು. ನನ್ನ ಕೈಯಿಂದ ನಳಿಗೆ ಕ್ಲೀನ್ ಮಾಡದೆ ವಾಪಸ್ ಹೋದ ಆಯುಧ ಅದೊಂದೇ.